ಆ ಮಾತ್ರೆ ನಿಲ್ಲಿಸಬೇಡಿ

ಓದುಗರ ಪ್ರಶ್ನೆ, ಹಾರ್ಮೋನ್ ಡಾಕ್ಟರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ಯಜಮಾನರಿಗೆ 41 ವರ್ಷ. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ ಕೆಲಸ. ಹಿಂದೆ ಟಿಬಿ ಬಂದು ವಾಸಿಯಾಗಿತ್ತು. ಎರಡು ವರ್ಷದ ಹಿಂದೆ ವಿಪರೀತ ಸುಸ್ತು ಶುರುವಾಯ್ತು, ತೂಕ ಇಳಿಯಿತು, ಮೈ ಕಪ್ಪಾಗುತ್ತಾ ಬಂತು. ಊಟಕ್ಕೆ ಕೂತರೆ ಉಪ್ಪಿನಕಾಯಿ ಬಾಟಲಿ ಪಕ್ಕದಲ್ಲೇ ಬೇಕು. ಕೊನೆಗೆ ಅಡಿಸನ್ ಕಾಯಿಲೆ ಅಂತ ಗೊತ್ತಾಯ್ತು. ಹೈಡ್ರೋಕಾರ್ಟಿಸೋನ್ ಬೆಳಗ್ಗೆ 10, ಮಧ್ಯಾಹ್ನ 5, ಸಂಜೆ 5 ಮಿ.ಗ್ರಾಂ, ಜೊತೆಗೆ ಫ್ಲೂಡ್ರೋಕಾರ್ಟಿಸೋನ್ ದಿನಕ್ಕೊಂದು. ಚೆನ್ನಾಗೇ ಇದ್ದರು. ಕಳೆದ ತಿಂಗಳು ವಾಂತಿ, ಭೇದಿ ಹಿಡಿಯಿತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು. ಸ್ಟಿರಾಯ್ಡ್ ಮಾತ್ರೆ ವಿಷಯ ಹೇಳಿದೆ. ‘ಹೊಟ್ಟೆ ಸರಿಯಾಗೋವರೆಗೂ ಅದು ಬೇಡ’ ಅಂದು ಕಳಿಸಿದರು. ಮಾರನೇ ದಿನ ಬಚ್ಚಲಲ್ಲಿ ಬಿದ್ದರು. ದೊಡ್ಡಾಸ್ಪತ್ರೆಯಲ್ಲಿ ಸೋಡಿಯಂ 116 ಇದೆ ಅಂದರು. ಇಂಜೆಕ್ಷನ್, ಡ್ರಿಪ್ ಆದ ಮೇಲೆ ಕೆಲವೇ ಗಂಟೆಯಲ್ಲಿ ಎದ್ದು ಕೂತರು. ಈಗ ಅತ್ತೆ, ಭಾವ ಎಲ್ಲರೂ ಸ್ಟಿರಾಯ್ಡ್‌ನಿಂದಲೇ ಹೀಗಾಯ್ತು, ನಿಲ್ಲಿಸಿ ನಾಟಿ ಪುಡಿ ತಗೊಳ್ಳಲಿ ಅಂತಿದ್ದಾರೆ. ಮೂಳೆ ಸವೆಯುತ್ತೆ ಅಂತ ಇವರಿಗೂ ಭಯ. ನಿಲ್ಲಿಸಬಹುದಾ? ನೈಟ್ ಶಿಫ್ಟ್ ಇದ್ದಾಗ ಮಾತ್ರೆ ಯಾವ ಹೊತ್ತಿಗೆ? ಮುಂದಿನ ತಿಂಗಳು ಧರ್ಮಸ್ಥಳಕ್ಕೆ ಹೋಗೋ ಹರಕೆ ಇದೆ. ಉಪವಾಸ ಮಾಡಿಕೊಂಡೇ ಹೋಗಬೇಕು ಅಂತಾರೆ ಅತ್ತೆ. ಏನು ಮಾಡಲಿ?
– ಓದುಗರು, ಲಗ್ಗೆರೆ

ಉತ್ತರ: ನೋಡಿ ಅಮ್ಮ, ಮಿಕ್ಕಿದ್ದೆಲ್ಲ ಆಮೇಲೆ. ಮಾತ್ರೆ ನಿಲ್ಲಿಸಬೇಡಿ. ಒಂದು ದಿನಕ್ಕೂ ಬೇಡ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಯಾರದೋ ಮಾತಿಗೆ ನಿಲ್ಲಿಸಿಬಿಟ್ಟಿದ್ದರೆ, ಈಗಲೇ ಒಂದು ಡೋಸ್ ಕೊಟ್ಟು, ಇವತ್ತೇ ಅವರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಿಮ್ಮ ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಮಗ ಬಿದ್ದದ್ದನ್ನು ಕಣ್ಣಾರೆ ಕಂಡ ತಾಯಿ ಅವರು. ಆದರೆ ಅವತ್ತು ಏನೇನಾಯ್ತು ಅಂತ ಒಂದೊಂದಾಗಿ ನೋಡೋಣ. ವಾಂತಿಯಾಯ್ತು, ಮಾತ್ರೆ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಮೇಲೆ ಮಾತ್ರೆಯೇ ಬೇಡ ಅಂದರು. ಮಾರನೇ ದಿನದ ಹೊತ್ತಿಗೆ ಅವರ ಮೈಯಲ್ಲಿ ಕಾರ್ಟಿಸಾಲ್, ಅಂದರೆ ಆ ಹೈಡ್ರೋಕಾರ್ಟಿಸೋನ್ ಮಾತ್ರೆ ತುಂಬಿಕೊಡುವ ಹಾರ್ಮೋನ್, ಹೆಚ್ಚುಕಡಿಮೆ ಖಾಲಿ. 135ರಿಂದ 145ರ ಒಳಗಿರಬೇಕಾದ ಸೋಡಿಯಂ 116ಕ್ಕೆ ಇಳಿಯಿತು, ಬಿಪಿ ಕುಸಿಯಿತು, ಬಿದ್ದರು. ಇದಕ್ಕೆ ಅಡ್ರಿನಲ್ ಕ್ರೈಸಿಸ್ ಅನ್ನುತ್ತೇವೆ. ತಡವಾದರೆ ಜೀವಕ್ಕೇ ಅಪಾಯ. ದೊಡ್ಡಾಸ್ಪತ್ರೆಯಲ್ಲಿ ಕೊಟ್ಟ ಇಂಜೆಕ್ಷನ್ ಯಾವುದು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ನೋಡಿ. ಹೈಡ್ರೋಕಾರ್ಟಿಸೋನ್ ಅಂತಲೇ ಇರುತ್ತದೆ. ಅವರನ್ನು ಎಬ್ಬಿಸಿ ಕೂರಿಸಿದ್ದೇ ಆ ಸ್ಟಿರಾಯ್ಡ್. ಅತ್ತೆಯವರಿಗೆ ಆ ಚೀಟಿ ತೋರಿಸಿಯೇ ಹೇಳಿ.

ಎರಡು ಕಿಡ್ನಿಗಳ ಮೇಲ್ತುದಿಯಲ್ಲಿ ಒಂದೊಂದು ಅಡ್ರಿನಲ್ ಗ್ರಂಥಿ ಇದೆ. ತೂಕ ನಾಲ್ಕೈದು ಗ್ರಾಂ ಅಷ್ಟೇ. ಅದರ ಹೊರಪದರ ಕಾರ್ಟಿಸಾಲ್ ತಯಾರಿಸುತ್ತದೆ, ಮೈಯಲ್ಲಿ ಉಪ್ಪು ಉಳಿಸುವ ಆಲ್ಡೋಸ್ಟೆರೋನ್ ತಯಾರಿಸುತ್ತದೆ. ಎರಡೂ ಇಲ್ಲದೆ ಮನುಷ್ಯ ಬದುಕಲಾರ. ಲಂಡನ್ನಿನ ಗೈಸ್ ಆಸ್ಪತ್ರೆಯ ಡಾಕ್ಟರ್ ಥಾಮಸ್ ಅಡಿಸನ್ 1855ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಅವರು ಕಂಡ ರೋಗಿಗಳಲ್ಲಿ ಹಲವರ ಗ್ರಂಥಿಯನ್ನು ಟಿಬಿಯೇ ತಿಂದುಹಾಕಿತ್ತು. ನಮ್ಮ ದೇಶದಲ್ಲಿ ಟಿಬಿ ಇವತ್ತಿಗೂ ಇದಕ್ಕೆ ಒಂದು ದೊಡ್ಡ ಕಾರಣ. ಮತ್ತೆ ಕೆಲವರಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಗ್ರಂಥಿಯನ್ನು ಹಾಳು ಮಾಡುತ್ತದೆ. ನಿಮ್ಮವರಿಗೆ ಟಿಬಿ ವಾಸಿಯಾಗಿದೆ, ಸರಿ. ಆದರೆ ಅದು ಹಾಳು ಮಾಡಿಹೋದ ಗ್ರಂಥಿ ಸಾಮಾನ್ಯವಾಗಿ ಮತ್ತೆ ಚೇತರಿಸಿಕೊಳ್ಳುವುದಿಲ್ಲ. ಹಾಗಾಗಿ ಮಾತ್ರೆ ಜೀವನಪೂರ್ತಿ.

ಮೈ ಕಪ್ಪಾದದ್ದಕ್ಕೂ ಕಾರಣ ಇದೇ. ಕಾರ್ಟಿಸಾಲ್ ಸಾಲದಾದಾಗ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಸಿಟಿಎಚ್ ಅನ್ನುವ ಹಾರ್ಮೋನನ್ನು ಜಾಸ್ತಿ ಜಾಸ್ತಿ ಸುರಿಸುತ್ತದೆ. ಅದು ಚರ್ಮದ ಬಣ್ಣದ ಕಣಗಳನ್ನೂ ಕೆಣಕುತ್ತದೆ. ನನ್ನ ಹತ್ತಿರ ಇಂಥವರು ಬಂದಾಗ ನಾನು ಮೊದಲು ನೋಡುವುದು ಅಂಗೈ ಗೆರೆ, ಬೆರಳ ಗೆಣ್ಣು, ಒಸಡು. ಮುಖ ಬಿಸಿಲಿಗೂ ಕಪ್ಪಾಗುತ್ತದೆ. ಅಂಗೈ ಗೆರೆ, ಒಸಡು ಬಿಸಿಲಿಗೆ ಕಪ್ಪಾಗುವುದಿಲ್ಲ. ಎಷ್ಟೋ ಜನ ಮೊದಲು ಚರ್ಮದ ಡಾಕ್ಟರು, ಆಮೇಲೆ ಹೊಟ್ಟೆ ಡಾಕ್ಟರು ಅಂತ ಸುತ್ತಿ ಸುಸ್ತಾಗಿ ಬಂದಿರುತ್ತಾರೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಯಾರಿಗಾದರೂ ಹೀಗೆ ಸುಸ್ತು, ತೂಕ ಇಳಿಕೆ, ಎದ್ದು ನಿಂತರೆ ತಲೆಸುತ್ತು, ಉಪ್ಪಿನ ಆಸೆ ಎಲ್ಲಾ ಒಟ್ಟಿಗೆ ಇದ್ದರೆ, ಬೆಳಗ್ಗೆ 8 ಗಂಟೆಯ ಹೊತ್ತಿಗೆ ರಕ್ತದಲ್ಲಿ ಕಾರ್ಟಿಸಾಲ್ ಎಷ್ಟಿದೆ ಅಂತ ನೋಡಿಸಿ. ಅನುಮಾನ ಉಳಿದರೆ ಇಂಜೆಕ್ಷನ್ ಕೊಟ್ಟು ಗ್ರಂಥಿ ಸ್ಪಂದಿಸುತ್ತದೆಯೇ ಅಂತ ನೋಡುವ ಪರೀಕ್ಷೆಯೂ ಇದೆ.

ಇನ್ನು ಸ್ಟಿರಾಯ್ಡ್ ಅನ್ನುವ ಹೆಸರಿನ ಭಯ. ನಮ್ಮೂರಲ್ಲಿ ಕಾವೇರಿ ನೀರು ಬರದ ಬಡಾವಣೆಯವರು ಟ್ಯಾಂಕರ್ ಹಾಕಿಸಿಕೊಳ್ಳುತ್ತಾರಲ್ಲ, ಈ ಮಾತ್ರೆಯೂ ಹಾಗೇ. ನಲ್ಲಿಯಲ್ಲಿ ಬರಬೇಕಾದ್ದು ಬರುತ್ತಿಲ್ಲ, ಹೊರಗಿನಿಂದ ತುಂಬಿಸುತ್ತೇವೆ. ಮನೆಗೆ ನೆಂಟರು ಬಂದ ದಿನ ಇನ್ನೊಂದು ಟ್ಯಾಂಕರ್ ಬೇಕಾಗುತ್ತದೆ, ಅಲ್ವಾ? ಜ್ವರ, ವಾಂತಿ, ಆಪರೇಷನ್ ಅಂದರೆ ದೇಹಕ್ಕೆ ನೆಂಟರು ಬಂದ ದಿನ.

ಮೂಳೆ ಸವೆಯುವುದು, ಮುಖ ಊದುವುದು, ಸಕ್ಕರೆ ಏರುವುದು ಇವೆಲ್ಲ ಸುಳ್ಳಲ್ಲ. ಅವು ಆಗುವುದು ದೇಹಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಸ್ಟಿರಾಯ್ಡನ್ನು ಬಹಳ ದಿನ ತೆಗೆದುಕೊಂಡಾಗ. ಲೆಕ್ಕ ನೋಡಿ. ನಿಮ್ಮವರ ದಿನದ 20 ಮಿ.ಗ್ರಾಂ ಹೈಡ್ರೋಕಾರ್ಟಿಸೋನ್ ಅಂದರೆ ಪ್ರೆಡ್ನಿಸೊಲೋನ್ ಅನ್ನುವ ಇನ್ನೊಂದು ಸ್ಟಿರಾಯ್ಡಿನ ಲೆಕ್ಕದಲ್ಲಿ ಬರೀ 5 ಮಿ.ಗ್ರಾಂ. ಜೋರು ಉಬ್ಬಸಕ್ಕೆ ಅದನ್ನೇ ದಿನಕ್ಕೆ 40 ಮಿ.ಗ್ರಾಂ ಕೊಡುತ್ತೇವೆ. ಈ ಕಾಯಿಲೆಗೆ ಹೈಡ್ರೋಕಾರ್ಟಿಸೋನ್ ದಿನಕ್ಕೆ 15ರಿಂದ 25 ಮಿ.ಗ್ರಾಂ ಸಾಕು. ಗ್ರಂಥಿ ಸರಿಯಿದ್ದಿದ್ದರೆ ದೇಹವೇ ತಯಾರಿಸಿಕೊಳ್ಳುತ್ತಿದ್ದ ಪ್ರಮಾಣಕ್ಕೆ ಇದು ಹತ್ತಿರ. ತೂಕ, ಬಿಪಿ, ಸೋಡಿಯಂ, ಪೊಟ್ಯಾಸಿಯಂ ನೋಡಿಕೊಂಡು ಡೋಸ್ ಹೊಂದಿಸುವುದು ಡಾಕ್ಟರ ಕೆಲಸ. ಆರು ತಿಂಗಳಿಗೊಮ್ಮೆಯಾದರೂ ತೋರಿಸಿ.

ಈಗ ನೀವು ಕಲಿತುಕೊಳ್ಳಲೇಬೇಕಾದ ವಿಷಯ. ಇದನ್ನು ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿದರೂ ಸರಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೈಡ್ರೋಕಾರ್ಟಿಸೋನ್ ಡೋಸ್ ಎರಡರಷ್ಟು. 102 ದಾಟಿದರೆ ಮೂರರಷ್ಟು. ಜ್ವರ ಇಳಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ, ಮತ್ತೆ ಮಾಮೂಲಿ ಡೋಸಿಗೆ. ಮಾತ್ರೆ ನುಂಗಿ ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಸಲ ಕೊಡಿ. ಅದೂ ನಿಲ್ಲದಿದ್ದರೆ ಕಾಯಬೇಡಿ. ಇಂಜೆಕ್ಷನ್ ಕೊಟ್ಟು ಆಸ್ಪತ್ರೆಗೆ ಹೊರಡಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ಹಲ್ಲು ಕೀಳಿಸುವುದಿದ್ದರೂ, ಎಂಡೋಸ್ಕೋಪಿ ಮಾಡಿಸುವುದಿದ್ದರೂ ಆ ಡಾಕ್ಟರಿಗೆ ಮೊದಲೇ ತಿಳಿಸಿ. ಈ ಹೆಚ್ಚಿಸುವ ಲೆಕ್ಕವನ್ನು ನಿಮ್ಮ ಡಾಕ್ಟರಿಂದ ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ. ಬರೆದ ಚೀಟಿ ಕೈಯಲ್ಲಿದ್ದರೆ ನರ್ಸಿಂಗ್ ಹೋಮಿನಲ್ಲಿ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಇಂಜೆಕ್ಷನ್ ಅಂದರೆ ಹೆದರಬೇಡಿ. ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂನ ಸಣ್ಣ ಗಾಜಿನ ಬಾಟಲಿ, ಒಳಗೆ ಬಿಳಿ ಪುಡಿ. ಇಂಜೆಕ್ಷನ್ ನೀರಿನ ಸಣ್ಣ ಬಾಟಲಿ ಬೇರೆ. ಸಿರಿಂಜಿನಲ್ಲಿ 2 ಎಂಎಲ್ ನೀರು ಎಳೆದು, ರಬ್ಬರ್ ಮುಚ್ಚಳದ ಮೂಲಕ ಪುಡಿಗೆ ಬಿಟ್ಟು, ಕರಗುವವರೆಗೂ ಮೆಲ್ಲಗೆ ಅಲ್ಲಾಡಿಸಿ. ಪೂರ್ತಿ ತಿಳಿಯಾದ ಮೇಲೆ ಎಳೆದುಕೊಂಡು, ತೊಡೆಯ ಹೊರಮಗ್ಗುಲಲ್ಲಿ ನಡುಭಾಗಕ್ಕೆ ನೇರವಾಗಿ ಚುಚ್ಚಿ ತಳ್ಳಿ. ತುರ್ತಿದ್ದರೆ ಪಂಚೆ, ಪ್ಯಾಂಟಿನ ಮೇಲಿಂದಲೂ ಕೊಡಬಹುದು. ಮುಂದಿನ ಸಲ ತೋರಿಸಲು ಹೋದಾಗ ನರ್ಸ್ ಎದುರಿಗೆ ನೀವೇ ಒಮ್ಮೆ ಕೈಯಾಡಿಸಿ ಕಲಿಯಿರಿ. ನಿಮ್ಮ ಭಾವನವರೂ ಕಲಿಯಲಿ. ನನ್ನಲ್ಲಿ ಬರುವ ಒಬ್ಬ ಹೆಂಗಸು ಹೂ ಕಟ್ಟುವವರು, ಓದು ಬರಹ ಅಷ್ಟಾಗಿ ಗೊತ್ತಿಲ್ಲ. ಮಗಳಿಗೆ ಎರಡು ಸಲ ತಾವೇ ಇಂಜೆಕ್ಷನ್ ಕೊಟ್ಟು, ಆಮೇಲೆ ಆಟೋ ಹತ್ತಿಸಿಕೊಂಡು ಬಂದಿದ್ದಾರೆ. ಬೇಕಿತ್ತೋ ಇಲ್ಲವೋ ಅನ್ನುವ ಅನುಮಾನವಿದ್ದರೂ ಕೊಟ್ಟುಬಿಡಿ. ಒಂದು ಇಂಜೆಕ್ಷನ್ ಜಾಸ್ತಿಯಾದರೆ ಏನೂ ಆಗುವುದಿಲ್ಲ. ಕೊಡದಿದ್ದರೆ ಆಗಬಹುದಾದದ್ದನ್ನು ನೀವು ಕಂಡಿದ್ದೀರಿ.

ಜೇಬಿನಲ್ಲಿ ಒಂದು ಕಾರ್ಡ್ ಇರಲಿ. ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್. ‘ನನಗೆ ಅಡಿಸನ್ ಕಾಯಿಲೆ ಇದೆ. ನನ್ನ ದೇಹ ಕಾರ್ಟಿಸಾಲ್ ತಯಾರಿಸುವುದಿಲ್ಲ. ವಾಂತಿ, ಅಪಘಾತ, ಪ್ರಜ್ಞೆ ತಪ್ಪುವುದು ಏನೇ ಆದರೂ ತಡ ಮಾಡದೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಕೊಡಿ, ಸಲೈನ್ ಹಾಕಿ’ ಅಂತ ಬರೆಸಿ. ಕೆಳಗೆ ನಿಮ್ಮ ಫೋನ್ ನಂಬರ್. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಹತ್ತಿರವೂ ಒಂದು ಪ್ರತಿ ಇರಲಿ.

ನೈಟ್ ಶಿಫ್ಟ್ ಬಗ್ಗೆ ಕೇಳಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ. ಚೀಟಿಯಲ್ಲಿ ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಂತ ಬರೆದಿರುವುದು ಹಗಲು ಕೆಲಸ ಮಾಡುವವರಿಗೆ. ಅಸಲಿಗೆ ದೊಡ್ಡ ಡೋಸ್ ಎದ್ದ ತಕ್ಷಣ, ಕೊನೆಯದು ಮಲಗುವುದಕ್ಕೆ ನಾಲ್ಕರಿಂದ ಆರು ಗಂಟೆ ಮೊದಲು. ರಾತ್ರಿ 10ಕ್ಕೆ ಹೋಗಿ ಬೆಳಗ್ಗೆ 6ಕ್ಕೆ ಬಿಟ್ಟು, 8ಕ್ಕೆ ಮಲಗಿ ಮಧ್ಯಾಹ್ನ 3ಕ್ಕೆ ಏಳುವುದಾದರೆ, ಎದ್ದಾಗ 10 ಮಿ.ಗ್ರಾಂ, ರಾತ್ರಿ 8ಕ್ಕೆ 5, ರಾತ್ರಿ 2ಕ್ಕೆ 5. ಶಿಫ್ಟ್ ಬದಲಾಗುವ ದಿನ ನಿದ್ದೆಯಿಲ್ಲದೆ ಬಹಳ ಹೊತ್ತು ಎಚ್ಚರ ಇರಬೇಕಾಗುತ್ತದಲ್ಲ, ಅವತ್ತು ಇನ್ನೊಂದು 5 ಬೇಕಾಗಬಹುದು. ಈ ವೇಳಾಪಟ್ಟಿಯನ್ನು ನಿಮ್ಮ ಡಾಕ್ಟರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಸಾಧ್ಯವಾದರೆ ವಾರವಾರ ಶಿಫ್ಟ್ ಬದಲಿಸದಂತೆ ಡಾಕ್ಟರ ಪತ್ರ ಕೊಟ್ಟು ಕೇಳಿಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಉಪ್ಪು ಕಡಿಮೆ ತಿನ್ನಿ ಅನ್ನುವ ಮಾತು ಇವರಿಗಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಶೀಟಿನ ಛಾವಣಿ ಕೆಳಗೆ ಬೆವರು ಸುರಿಸಿ ಕೆಲಸ ಮಾಡುವವರು. ಉಪ್ಪು ಹಾಕಿದ ಮಜ್ಜಿಗೆ ಒಂದು ಬಾಟಲಿ ಜೊತೆಗೆ ಕೊಟ್ಟು ಕಳಿಸಿ. ಸೆಖೆಗಾಲದಲ್ಲಿ ಫ್ಲೂಡ್ರೋಕಾರ್ಟಿಸೋನ್, ಅಂದರೆ ಆಲ್ಡೋಸ್ಟೆರೋನ್ ಬದಲಿಗೆ ಉಪ್ಪು ಉಳಿಸುವ ಮಾತ್ರೆ, ಸ್ವಲ್ಪ ಹೆಚ್ಚಿಸಬೇಕಾಗಬಹುದು. ಮಲಗಿದಾಗ ಮತ್ತು ನಿಂತಾಗ ಎರಡೂ ಸಲ ಬಿಪಿ ನೋಡಿ ಡಾಕ್ಟರು ಅದನ್ನು ನಿರ್ಧರಿಸುತ್ತಾರೆ. ಪಾದ ಊದಿದರೆ ಅದನ್ನೂ ತಿಳಿಸಿ.

ಧರ್ಮಸ್ಥಳಕ್ಕೆ ಖಂಡಿತ ಹೋಗಿಬನ್ನಿ. ಉಪವಾಸ ಮಾತ್ರ ಬೇಡ. ಮಾತ್ರೆ ತಪ್ಪಿಸಿ, ನೀರು ಬಿಟ್ಟು ಕೂರುವುದು ಇವರ ಮೈಗೆ ಆಗದು. ಇವರ ಬದಲು ಮನೆಯಲ್ಲಿ ಬೇರೆ ಯಾರಾದರೂ ಒಪ್ಪೊತ್ತು ಮಾಡಲಿ, ಅತ್ತೆಯವರು ಒಪ್ಪುತ್ತಾರೆ ಅಂತ ನನ್ನ ನಂಬಿಕೆ. ನನಗೆ ಅದಕ್ಕಿಂತ ಚಿಂತೆ ಘಾಟಿಯದ್ದು. ಶಿರಾಡಿಯಾಗಲಿ ಚಾರ್ಮಾಡಿಯಾಗಲಿ, ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಎಷ್ಟು ಜನ! ವಾಂತಿಯಲ್ಲಿ ಮಾತ್ರೆಯೂ ಹೋದರೆ ಮತ್ತದೇ ಕಥೆ. ಮುಂದಿನ ಸೀಟು ಹಿಡಿಯಿರಿ. ಘಾಟಿ ಶುರುವಾಗುವುದಕ್ಕೆ ಒಂದು ಗಂಟೆಗೂ ಮೊದಲೇ ಆ ಹೊತ್ತಿನ ಡೋಸ್ ಮುಗಿಸಿರಿ. ಮಾತ್ರೆಯ ಡಬ್ಬಿ, ಇಂಜೆಕ್ಷನ್ ಕಿಟ್ ನಿಮ್ಮ ಕೈಚೀಲದಲ್ಲೇ ಇರಲಿ, ಡಿಕ್ಕಿಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ.

ನಾಟಿ ಪುಡಿಯ ವಿಷಯ. ಆಯುರ್ವೇದವನ್ನು ನಾನು ಹಳಿಯುತ್ತಿಲ್ಲ. ಆದರೆ ಚೀಟಿಯಿಲ್ಲದ, ಒಳಗೇನಿದೆ ಗೊತ್ತಿಲ್ಲದ ಪುಡಿಯನ್ನು ಈ ಮಾತ್ರೆಯ ಜಾಗಕ್ಕೆ ತರಲಾಗದು. ಹೋದ ಕಾರ್ಟಿಸಾಲನ್ನು ಯಾವ ಬೇರೂ ತುಂಬಿಕೊಡುವುದಿಲ್ಲ. ಜ್ಯೇಷ್ಠಮಧು, ಅಂದರೆ ಅತಿಮಧುರ, ಜಾಸ್ತಿ ತಿಂದರೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ, ನಿಮ್ಮವರ ಮಾತ್ರೆಯ ಲೆಕ್ಕವೆಲ್ಲ ತಪ್ಪುತ್ತದೆ. ಇನ್ನೊಂದು ಮುಖ್ಯ ಮಾತು: ದೇವರ ದಯೆಯಿಂದ ಬಾರದಿರಲಿ, ಟಿಬಿ ಮತ್ತೆ ಬಂದರೆ ಅದಕ್ಕೆ ಕೊಡುವ ರಿಫಾಂಪಿಸಿನ್ ಹೈಡ್ರೋಕಾರ್ಟಿಸೋನನ್ನು ಬೇಗ ಬೇಗ ಖರ್ಚು ಮಾಡಿಸುತ್ತದೆ. ಆಗ ಡೋಸ್ ಜಾಸ್ತಿ ಬೇಕು. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಕೂಡ ಹಾಗೇ. ಯಾವ ಹೊಸ ಮಾತ್ರೆ ಬರೆಯುವಾಗಲೂ ಆ ಡಾಕ್ಟರಿಗೆ ಕಾರ್ಡ್ ತೋರಿಸಿ.

ಹೈಡ್ರೋಕಾರ್ಟಿಸೋನ್ ಮಾತ್ರೆ ಬೀದಿ ಕೊನೆಯ ಮೆಡಿಕಲ್ ಶಾಪಿನಲ್ಲಿ ಸಿಗದೇ ಇರಬಹುದು. ಒಂದು ತಿಂಗಳಿಗಾಗುವಷ್ಟು ಹೆಚ್ಚಿಗೆ ಯಾವಾಗಲೂ ಮನೆಯಲ್ಲಿರಲಿ. ಎಲ್ಲೂ ಸಿಗದೆ ಹೋದರೆ ಖಾಲಿ ಕೂರಬೇಡಿ. ಡಾಕ್ಟರಿಗೆ ಫೋನ್ ಮಾಡಿ ಅಷ್ಟೇ ಬಲದ ಪ್ರೆಡ್ನಿಸೊಲೋನ್ ಕೇಳಿ ಪಡೆಯಿರಿ. ಚರ್ಮಕ್ಕೆ ಹಚ್ಚುವ ಹೈಡ್ರೋಕಾರ್ಟಿಸೋನ್ ಮುಲಾಮು ಇದಕ್ಕೆ ಬದಲಿ ಆಗುವುದಿಲ್ಲ.

ಪ್ರಶ್ನೆ: ನನಗೆ 52. ಕೀಲುನೋವಿಗೆ ವರ್ಷದಿಂದ ಪ್ರೆಡ್ನಿಸೊಲೋನ್ 10 ಮಿ.ಗ್ರಾಂ ತಗೊಳ್ತಿದ್ದೆ. ನೋವು ಕಡಿಮೆಯಾಯ್ತು ಅಂತ ಹೋದ ವಾರ ನಾನೇ ನಿಲ್ಲಿಸಿದೆ. ಈಗ ಹಾಸಿಗೆಯಿಂದ ಏಳೋಕಾಗ್ತಿಲ್ಲ, ವಾಕರಿಕೆ.
– ಓದುಗರು, ವಿಜಯನಗರ

ಉತ್ತರ: ಇವತ್ತೇ ನಿಮ್ಮ ಡಾಕ್ಟರನ್ನು ಕಾಣಿ. ಹೊರಗಿನಿಂದ ಅಷ್ಟು ದಿನ ಸ್ಟಿರಾಯ್ಡ್ ಬಂದಿದ್ದರಿಂದ ನಿಮ್ಮ ಗ್ರಂಥಿ ಕೆಲಸ ಬಿಟ್ಟು ಕೂತಿದೆ. ಎಬ್ಬಿಸಲು ಸಮಯ ಬೇಕು. ಸದ್ಯಕ್ಕೆ ಮಾತ್ರೆ ಮತ್ತೆ ಶುರು ಮಾಡಿಸಿ, ಆಮೇಲೆ ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ಪೂರ್ತಿ ಬಿಡುವ ಮೊದಲು ಬೆಳಗಿನ ಕಾರ್ಟಿಸಾಲ್ ನೋಡುತ್ತಾರೆ. ಮೂರು ನಾಲ್ಕು ವಾರಕ್ಕಿಂತ ಜಾಸ್ತಿ ದಿನ ಸ್ಟಿರಾಯ್ಡ್ ತೆಗೆದುಕೊಂಡ ಯಾರೂ ಅದನ್ನು ತಾವಾಗಿ ಹಠಾತ್ ನಿಲ್ಲಿಸಕೂಡದು. ಹೆಸರಿಲ್ಲದ ನೋವಿನ ಪುಡಿ ತಿನ್ನುವವರಿಗೂ ಇದೇ ಮಾತು. ಅದರಲ್ಲಿ ಸ್ಟಿರಾಯ್ಡ್ ಬೆರೆಸಿರುವುದುಂಟು.

ಪ್ರಶ್ನೆ: ಬೆಳ್ಳಂದೂರಿನಲ್ಲಿ ಐಟಿ ಕೆಲಸ, ವಯಸ್ಸು 29. ಸದಾ ಸುಸ್ತು. ‘ಅಡ್ರಿನಲ್ ಫಟೀಗ್’ ಅಂತ ಎಂಜಲು ಪರೀಕ್ಷೆ ಮಾಡಿ ಕ್ಯಾಪ್ಸೂಲ್ ಕೊಡ್ತಾರಂತೆ. ಹೋಗಲಾ?
– ಓದುಗರು, ಎಚ್.ಎಸ್.ಆರ್. ಬಡಾವಣೆ

ಉತ್ತರ: ಬೇಡ. ಆ ಹೆಸರಿನ ಕಾಯಿಲೆಯನ್ನು ಹಾರ್ಮೋನ್ ವೈದ್ಯಶಾಸ್ತ್ರ ಒಪ್ಪಿಲ್ಲ. ನಿಮ್ಮ ಸುಸ್ತು ನಿಜ, ಅದರ ಕಾರಣ ಹುಡುಕೋಣ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ಎಷ್ಟು ಗಂಟೆ ನಿದ್ದೆ, ಎಷ್ಟು ಹೊತ್ತು ಟ್ರಾಫಿಕ್ಕಿನಲ್ಲಿ, ಮನಸ್ಸು ಹೇಗಿದೆ ಅನ್ನುವುದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅಂಥ ಕ್ಯಾಪ್ಸೂಲ್‌ಗಳಲ್ಲಿ ಕೆಲವು ಸಲ ಅಡ್ರಿನಲ್ ಗ್ರಂಥಿಯ ಸಾರವೋ ಸ್ಟಿರಾಯ್ಡೋ ಇರುತ್ತದೆ. ಸುಮ್ನೆ ತಿಂದರೆ ಚೆನ್ನಾಗಿರುವ ಗ್ರಂಥಿಯೂ ಕೆಲಸ ನಿಲ್ಲಿಸಬಹುದು.

ಪ್ರಶ್ನೆ: ನನಗೆ 27, ಮೂರು ವರ್ಷದಿಂದ ಅಡಿಸನ್ ಕಾಯಿಲೆ, ಥೈರಾಯ್ಡ್ ಕೂಡ ಇದೆ. ಮದುವೆಯಾಗಿ ಒಂದು ವರ್ಷ. ಮಗು ಮಾಡಿಕೊಳ್ಳಬಹುದಾ ಮೇಡಂ?
– ಓದುಗರು, ಯಲಹಂಕ

ಉತ್ತರ: ಧಾರಾಳವಾಗಿ ಮಾಡಿಕೊಳ್ಳಿ ಮಗಳೇ. ಗರ್ಭ ನಿಂತಿದೆ ಅಂತ ಗೊತ್ತಾದ ದಿನವೇ ಹಾರ್ಮೋನ್ ಡಾಕ್ಟರಿಗೂ ಹೆರಿಗೆ ಡಾಕ್ಟರಿಗೂ ತಿಳಿಸಿ, ಇಬ್ಬರೂ ಒಟ್ಟಿಗೆ ನೋಡಿಕೊಳ್ಳಲಿ. ಹೈಡ್ರೋಕಾರ್ಟಿಸೋನನ್ನು ಮಾಸು ಬಹುಮಟ್ಟಿಗೆ ತಡೆಯುತ್ತದೆ, ಮಗುವಿಗೆ ಹೆಚ್ಚು ತಲುಪುವುದಿಲ್ಲ. ಹಾಗಾಗಿ ಭಯಬಿದ್ದು ಮಾತ್ರೆ ಬಿಡಬೇಡಿ. ಡೆಕ್ಸಾಮೆಥಾಸೋನ್ ಅನ್ನುವ ಇನ್ನೊಂದು ಸ್ಟಿರಾಯ್ಡ್ ಮಾಸು ದಾಟುತ್ತದೆ, ಅದನ್ನು ಇದರ ಬದಲಿಗೆ ಬಳಸುವಂತಿಲ್ಲ. ಮೊದಲ ಮೂರು ತಿಂಗಳ ಬಸುರಿ ವಾಂತಿಯಲ್ಲಿ ಬಹಳ ಎಚ್ಚರ ಬೇಕು. ಮೇಲೆ ಹೇಳಿದ ಇಂಜೆಕ್ಷನ್ ಮನೆಯಲ್ಲಿರಲಿ, ಗಂಡನೂ ಅಮ್ಮನೂ ಕೊಡಲು ಕಲಿತಿರಲಿ. ಕೊನೆಯ ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಡೋಸ್ ಹೆಚ್ಚಿಸುತ್ತೇವೆ. ಹೆರಿಗೆ ನೋವು ಶುರುವಾದಾಗ 100 ಮಿ.ಗ್ರಾಂ ಇಂಜೆಕ್ಷನ್, ಹೆರಿಗೆ ಮುಗಿಯುವವರೆಗೂ ಸ್ಟಿರಾಯ್ಡ್ ಮುಂದುವರಿಯುತ್ತದೆ, ಆಮೇಲೆ ಒಂದೆರಡು ದಿನದಲ್ಲಿ ಹಳೆಯ ಡೋಸಿಗೆ ಇಳಿಸುತ್ತಾರೆ. ಎದೆಹಾಲು ಕೊಡಲು ಅಡ್ಡಿಯಿಲ್ಲ. ಥೈರಾಯ್ಡ್ ಮಾತ್ರೆಯ ಡೋಸೂ ಬಸುರಿನಲ್ಲಿ ಬದಲಾಗುತ್ತದೆ, ಅದನ್ನು ಮೊದಲ ತಿಂಗಳಿಂದಲೇ ನೋಡಿಸಿ. ಯಾವ ಆಸ್ಪತ್ರೆಯಲ್ಲಿ ಹೆರಿಗೆ ಅನ್ನುವುದನ್ನು ಏಳನೇ ತಿಂಗಳೊಳಗೆ ನಿರ್ಧರಿಸಿ, ಅಲ್ಲಿನ ಅರಿವಳಿಕೆ ಡಾಕ್ಟರಿಗೆ ಈ ಇಂಜೆಕ್ಷನ್ ಲೆಕ್ಕದ ಚೀಟಿಯ ಒಂದು ಪ್ರತಿ ಕೊಟ್ಟು, ನಿಮ್ಮ ಫೈಲಿನ ಮೊದಲ ಪುಟಕ್ಕೆ ಇನ್ನೊಂದನ್ನು ಅಂಟಿಸಿಸಿ.